ನನ್ನ ಗಿಟಾರ್, ನನ್ನ ಪೆಡಲ್‌ಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರಿನಲ್ಲಿ ನಾಲ್ಕು ಜನರ ಬ್ಯಾಂಡ್ ನಮ್ಮದು. ಗಿಟಾರ್, ಬಾಸ್, ಡ್ರಮ್ಸ್, ಜೊತೆಗೊಂದು ಹಾರ್ಮೋನಿಯಂ. ನುಡಿಸುವುದು ಆಲ್ಟರ್ನೇಟಿವ್ ರಾಕ್, ಹಾಡುವುದು ಕನ್ನಡ. ಗಿಟಾರೂ ಹಾಡೂ ನನ್ನದು. ಕಾರ್ಯಕ್ರಮ ಮುಗಿದು ಕೇಬಲ್ ಸುತ್ತುವಾಗ ಹುಡುಗರು ಸ್ಟೇಜ್ ಹತ್ತಿರ ಬರುತ್ತಾರೆ. ಕೆಳಗಿರುವ ಬಣ್ಣದ ಡಬ್ಬಿಗಳನ್ನು ನೋಡಿ "ಅಣ್ಣಾ, ಇದು ಏನು ಮಾಡುತ್ತೆ?" ಅಂತ ಕೇಳುತ್ತಾರೆ. ಅಷ್ಟರಲ್ಲಿ ಸಾಮಾನು ತುಂಬುವ ಗಾಡಿ ಹಾರ್ನ್ ಹೊಡೆಯುತ್ತಿರುತ್ತದೆ. ಆಗ ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಪೂರ್ತಿ ಬರೆದಿದ್ದೇನೆ.

ಪೆಡಲ್ ಅಂದರೆ ಏನು?

ಗಿಟಾರ್‌ಗೂ ಆಂಪ್‌ಗೂ (ಸದ್ದನ್ನು ದೊಡ್ಡದು ಮಾಡುವ ಆಂಪ್ಲಿಫೈಯರ್) ನಡುವೆ ಇಡುವ ಸಣ್ಣ ಸರ್ಕ್ಯೂಟ್ ಡಬ್ಬಿ. ತಂತಿಯ ಸದ್ದು ಅದರೊಳಗೆ ಹಾದು ಬೇರೆ ಆಗಿ ಹೊರಬರುತ್ತದೆ. ಎರಡೂ ಕೈ ಗಿಟಾರ್ ಮೇಲಿರುತ್ತವೆ, ಅದಕ್ಕೇ ಸ್ವಿಚ್ ಕಾಲಿಗೆ ಸಿಗುವ ಹಾಗೆ ಇರುತ್ತದೆ.

ನಿಮ್ಮದು ಯಾವ ಗಿಟಾರ್? ಯಾಕೆ ಅದು?

ಫೆಂಡರ್ ಕಂಪನಿಯದೇ ಕಡಿಮೆ ಬೆಲೆಯ ಬ್ರ್ಯಾಂಡ್ ಸ್ಕ್ವಾಯರ್‌ನ ಜಾಝ್‌ಮಾಸ್ಟರ್. ಬೆಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಹಿಂಬದಿಯಲ್ಲಿ ಬೆಲ್ಟಿನ ಬಕಲ್ ಉಜ್ಜಿದ ಗೀರುಗಳಿವೆ, ಹಿಂದಿನ ಮಾಲೀಕರು ಮಾಡಿದ್ದು. ಸದ್ದಿಗೇನೂ ತೊಂದರೆ ಇಲ್ಲ.

ಈ ಮಾದರಿಯ ಕಥೆ ನನಗೆ ಬಹಳ ಇಷ್ಟ. ಫೆಂಡರ್ ಕಂಪನಿ 1958ರಲ್ಲಿ ಜಾಝ್ ನುಡಿಸುವವರಿಗೆ ಅಂತ ಇದನ್ನು ತಂದಿತು. ಜಾಝ್‌ನವರು ಅಷ್ಟಾಗಿ ಕೈಗೆತ್ತಿಕೊಳ್ಳಲಿಲ್ಲ. 1980ರ ಹೊತ್ತಿಗೆ ಇದನ್ನು ಮಾಡುವುದನ್ನೇ ನಿಲ್ಲಿಸಿದರು. ಹಳೇ ಗಿಟಾರ್ ಮಾರುವ ಅಂಗಡಿಗಳಲ್ಲಿ ಇವು ಕಡಿಮೆ ಬೆಲೆಗೆ ಬಿದ್ದಿರುತ್ತಿದ್ದವು. ಕೈಯಲ್ಲಿ ದುಡ್ಡಿಲ್ಲದ ಹುಡುಗರು ಅವನ್ನೇ ಕೊಂಡರು. ಸಾನಿಕ್ ಯೂತ್ ಬ್ಯಾಂಡ್, ಡೈನೋಸಾರ್ ಜೂನಿಯರ್‌ನ ಜೆ ಮ್ಯಾಸಿಸ್, ಮೈ ಬ್ಲಡಿ ವ್ಯಾಲೆಂಟೈನ್‌ನ ಕೆವಿನ್ ಶೀಲ್ಡ್ಸ್, ಎಲ್ಲರೂ ಇದರಲ್ಲೇ ತಮ್ಮ ಸದ್ದು ಕಂಡುಕೊಂಡರು. ನಿರ್ವಾಣಾದ ಕರ್ಟ್ ಕೊಬೇನ್ ಕೂಡ ಹಾಗೇ. ಅವರು ಇಷ್ಟಪಟ್ಟ ಮಸ್ಟ್ಯಾಂಗ್ 1964ರಲ್ಲಿ ಕಲಿಯುವ ಮಕ್ಕಳಿಗೆ ಅಂತ ಬಂದ ಗಿಟಾರ್. ಬೇರೆಯವರು ಬೇಡ ಅಂದ ವಾದ್ಯಗಳಿಂದ ಒಂದು ಇಡೀ ಬಗೆಯ ಸಂಗೀತ ಹುಟ್ಟಿತು.

ಒಂದು ವಿಷಯ ಹತ್ತಿರದಿಂದ ತೋರಿಸುತ್ತೇನೆ. ಜಾಝ್‌ಮಾಸ್ಟರ್‌ನಲ್ಲಿ ಬ್ರಿಡ್ಜ್ (ತಂತಿಗಳು ಕೂರುವ ಕಟ್ಟೆ) ದಾಟಿದ ಮೇಲೂ ತಂತಿ ಒಂದಷ್ಟು ಉದ್ದ ಉಳಿಯುತ್ತದೆ. ಆ ತುಂಡನ್ನು ಉಗುರಿನಿಂದ ಮೀಟಿ ನೋಡಿ. ದೂರದಲ್ಲಿ ಯಾರೋ ಗೆಜ್ಜೆ ಎತ್ತಿಟ್ಟ ಹಾಗೆ ಕೇಳುತ್ತದೆ. ಸಾನಿಕ್ ಯೂತ್‌ನವರು ಈ ಜಾಗವನ್ನೇ ನುಡಿಸುತ್ತಿದ್ದರು. ನಮ್ಮ ಒಂದು ಹಾಡು ಶುರುವಾಗುವುದೂ ಇಲ್ಲಿಂದಲೇ.

ಒಂದು ಎಚ್ಚರಿಕೆ. ಸಣ್ಣ ತಂತಿ ಹಾಕಿದರೆ ಈ ಗಿಟಾರ್‌ನಲ್ಲಿ ತಂತಿ ಬ್ರಿಡ್ಜ್‌ನಿಂದ ಜಾರುತ್ತದೆ. ನಾನು ಸ್ವಲ್ಪ ದಪ್ಪದ 11ರ ಸೆಟ್ (ಅತಿ ತೆಳು ತಂತಿ 0.011 ಇಂಚು) ಹಾಕುತ್ತೇನೆ.

ಪೆಡಲ್‌ಗಳು ಯಾವುವು? ಯಾವ ಕ್ರಮದಲ್ಲಿ ಇಟ್ಟಿದ್ದೀರಿ?

ಗಿಟಾರ್‌ನಿಂದ ಹೊರಟು ಮೊದಲು ಬಾಸ್ (Boss, ಇದು ಕಂಪನಿಯ ಹೆಸರು, ಬಾಸ್ ಗಿಟಾರ್ ಅಲ್ಲ) ಟಿಯು-3, ಶ್ರುತಿ ನೋಡುವ ಟ್ಯೂನರ್. ಆಮೇಲೆ ಎಲೆಕ್ಟ್ರೋ-ಹಾರ್ಮೋನಿಕ್ಸ್‌ನ ಬಿಗ್ ಮಫ್ ಫಝ್, ಐಬನೀಝ್ ಟ್ಯೂಬ್ ಸ್ಕ್ರೀಮರ್ ಟಿಎಸ್9 ಓವರ್‌ಡ್ರೈವ್, ಸ್ಮಾಲ್ ಕ್ಲೋನ್ ಕೋರಸ್, ಎಂಎಕ್ಸ್‌ಆರ್ ಕಾರ್ಬನ್ ಕಾಪಿ ಡಿಲೇ. ಕೊನೆಗೆ ಸ್ಪೀಕರ್ ಕ್ಯಾಬಿನೆಟ್‌ನ ಸದ್ದು ಕೊಡುವ ಒಂದು ಡಬ್ಬಿ. ಅಷ್ಟೇ, ಒಟ್ಟು ಆರು.

ಕ್ರಮ ಮುಖ್ಯ. ಸಾಂಬಾರಿಗೆ ಒಗ್ಗರಣೆ ಮೊದಲು ಹಾಕುವುದಕ್ಕೂ ಕೊನೆಗೆ ಹಾಕುವುದಕ್ಕೂ ವ್ಯತ್ಯಾಸ ಇದೆ ಅಲ್ವಾ? ಸದ್ದನ್ನು ಒರಟು ಮಾಡುವ ಫಝ್ ಮೊದಲು, ಮಾರ್ದನಿ ಕೊಡುವ ಡಿಲೇ ಆಮೇಲೆ ಇದ್ದರೆ ಪ್ರತಿ ಮಾರ್ದನಿಯೂ ಬಿಡಿಬಿಡಿಯಾಗಿ ಕೇಳುತ್ತದೆ. ಅದಲು ಬದಲು ಮಾಡಿದರೆ ಮಾರ್ದನಿಗಳೆಲ್ಲ ಫಝ್‌ನೊಳಗೆ ಬಿದ್ದು ಒಂದರಲ್ಲೊಂದು ಬೆರೆತು ದೊಡ್ಡ ಗೋಡೆಯ ಹಾಗೆ ನಿಲ್ಲುತ್ತವೆ. ಶೂಗೇಝ್ ಅನ್ನುವ ರಾಕ್ ಬಗೆಯ ಬ್ಯಾಂಡ್‌ಗಳಿಗೆ ಆ ಗೋಡೆಯೇ ಬೇಕು. ಯಾವುದೂ ತಪ್ಪಲ್ಲ. ಮನೆಯಲ್ಲಿ ಎರಡೂ ಮಾಡಿ ನೋಡಿ, ಐದು ನಿಮಿಷದ ಕೆಲಸ.

ಓವರ್‌ಡ್ರೈವ್, ಡಿಸ್ಟಾರ್ಷನ್, ಫಝ್. ಮೂರೂ ಒಂದೇ ಅಲ್ವಾ?

ಮೂಲ ಒಂದೇ. ಸದ್ದಿನ ಅಲೆ ಏರಿ ಇಳಿಯುತ್ತದೆ. ಸರ್ಕ್ಯೂಟ್ ತಾಳುವುದಕ್ಕಿಂತ ಜಾಸ್ತಿ ಏರಿದಾಗ ಅಲೆಯ ತಲೆ ಕತ್ತರಿಸಿ ಹೋಗುತ್ತದೆ. ನಯವಾಗಿ ಕತ್ತರಿಸಿದರೆ ಓವರ್‌ಡ್ರೈವ್. ಇನ್ನಷ್ಟು ಗಟ್ಟಿಯಾಗಿ ಕತ್ತರಿಸಿದರೆ ಡಿಸ್ಟಾರ್ಷನ್. ಅಲೆ ಹೋಗಿ ಹೆಚ್ಚುಕಡಿಮೆ ಚೌಕವೇ ಆದರೆ ಫಝ್.

ಫಝ್ ಹುಟ್ಟಿದ್ದು ಕೆಟ್ಟುಹೋದ ಒಂದು ಸಾಮಾನಿನಿಂದ ಅನ್ನಬಹುದು. 1960ರ ದಶಕದ ಶುರುವಿನಲ್ಲಿ ಅಮೆರಿಕದ ನ್ಯಾಶ್‌ವಿಲ್‌ನ ಸ್ಟುಡಿಯೋ ಒಂದರಲ್ಲಿ ಎಲ್ಲ ವಾದ್ಯಗಳ ಸದ್ದು ಸೇರಿಸುವ ಮಿಕ್ಸರ್‌ನ ಒಂದು ಚಾನಲ್ ಕೆಟ್ಟಿತು. ಅದರಲ್ಲಿ ರೆಕಾರ್ಡ್ ಆದ ಬಾಸ್ ಗರಗರ ಅಂದಿತು. ಕೇಳಿದವರಿಗೆ ಆ ಸದ್ದು ಹಿಡಿಸಿತು. ಅಲ್ಲಿದ್ದ ಇಂಜಿನಿಯರ್ ಗ್ಲೆನ್ ಸ್ನಾಡಿ ಅದೇ ಸದ್ದು ಬರುವ ಸರ್ಕ್ಯೂಟ್ ಕಟ್ಟಿದರು. 1962ರಲ್ಲಿ ಮ್ಯಾಸ್ಟ್ರೋ ಫಝ್-ಟೋನ್ ಅನ್ನುವ ಹೆಸರಲ್ಲಿ ಅದು ಮಾರಾಟಕ್ಕೆ ಬಂತು.

ಬಿಗ್ ಮಫ್ ಬಂದಿದ್ದು 1969ರಲ್ಲಿ, ನ್ಯೂಯಾರ್ಕ್‌ನಿಂದ. ಒಳಗೆ ನಾಲ್ಕು ಟ್ರಾನ್ಸಿಸ್ಟರ್ ಹಂತಗಳು. ಸ್ವರ ಬೇಗ ಸಾಯುವುದಿಲ್ಲ, ಪಿಟೀಲಿನ ಬಿಲ್ಲು ಎಳೆದ ಹಾಗೆ ನಿಂತೇ ಇರುತ್ತದೆ. ಸ್ಮ್ಯಾಶಿಂಗ್ ಪಂಪ್ಕಿನ್ಸ್‌ನ ಬಿಲ್ಲಿ ಕಾರ್ಗನ್ ಬಳಸಿದ್ದು ಇದರದೇ ಇನ್ನೊಂದು ಬಗೆ, ಟ್ರಾನ್ಸಿಸ್ಟರ್ ಬದಲು ಆಪ್-ಆಂಪ್ ಚಿಪ್ ಇರುವುದು. ಕೊಬೇನ್ ಜಾಸ್ತಿ ನಂಬಿದ್ದು ಬಾಸ್ ಡಿಎಸ್-1 ಅನ್ನು, ಆಮೇಲೆ ಡಿಎಸ್-2 ಅನ್ನು. ಕಿತ್ತಳೆ ಬಣ್ಣದ ಡಿಎಸ್-1 1978ರಿಂದ ಇವತ್ತಿನವರೆಗೂ ಅಂಗಡಿಯಲ್ಲಿ ಸಿಗುತ್ತಿದೆ. ದೊಡ್ಡ ಬೆಲೆಯದ್ದಲ್ಲ.

ಇಷ್ಟು ಗದ್ದಲದಲ್ಲೂ ನಿಮ್ಮ ಹಾಡಿನ ಮಾತು ಕೇಳಿಸುತ್ತೆ. ಅದು ಹೇಗೆ?

ಈ ಪ್ರಶ್ನೆ ಕೇಳಿದವರಿಗೆ ನಾನು ಕುರ್ಚಿ ಹಾಕಿ ಕೂರಿಸುತ್ತೇನೆ. ನನ್ನ ಬೋರ್ಡ್ (ಪೆಡಲ್‌ಗಳನ್ನು ಜೋಡಿಸಿದ ಹಲಗೆ) ಇವತ್ತು ಹೀಗಿರುವುದು ಇದೊಂದೇ ಕಾರಣಕ್ಕೆ.

ಶುರುವಿನ ದಿನಗಳಲ್ಲಿ ಗುಬ್ಬಿ ಕಡೆಯ ನಮ್ಮ ಊರಿನಲ್ಲಿ ಒಂದು ಸಂಜೆ ನುಡಿಸಿದೆವು. ಊರು ಬಿಟ್ಟು ಹೋದವರ ಬಗ್ಗೆ ಒಂದು ಹಾಡಿತ್ತು. ಪಲ್ಲವಿಯಲ್ಲಿ "ಹಳ್ಳಿ" ಅನ್ನುವ ಮಾತು ನಾಲ್ಕು ಸಲ ಬರುತ್ತದೆ. ಬಿಗ್ ಮಫ್‌ನ ಟೋನ್ ಪೂರ್ತಿ ಏರಿಸಿದ್ದೆ. ಹಾಡುವ ಮೈಕಿಗೂ ರಿವರ್ಬ್ (ದೊಡ್ಡ ಖಾಲಿ ಹಾಲ್‌ನಲ್ಲಿ ಹಾಡಿದಂಥ ಗುಂಗು) ಜಾಸ್ತಿ ಇತ್ತು. ಮುಗಿದ ಮೇಲೆ ನಮ್ಮ ದೊಡ್ಡಮ್ಮ ಹತ್ತಿರ ಕರೆದು ತಲೆ ಸವರಿದರು. "ಚೆನ್ನಾಗಿ ಹಾಡಿದೆ ಕಂದ. ಆದರೆ ಹಲ್ಲಿ ಮೇಲೆ ಯಾಕೆ ಹಾಡು ಕಟ್ಟಿದೀಯ?" ಅಂದರು. ಅವರು ತಮಾಷೆ ಮಾಡುತ್ತಿರಲಿಲ್ಲ. ಅವರಿಗೆ ಕೇಳಿಸಿದ್ದು ಹಲ್ಲಿಯೇ. ಆ ಹಾಡು ಅವರ ಇಬ್ಬರು ಮಕ್ಕಳ ಬಗ್ಗೆಯೂ ಆಗಿತ್ತು. ಅವರಿಗೆ ಮುಟ್ಟಲಿಲ್ಲ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆಮೇಲೆ ಕೂತು ಕಿವಿಗೊಟ್ಟು ಕೇಳಿದೆ. ಕನ್ನಡದಲ್ಲಿ ಲ ಮತ್ತು ಳ ಬೇರೆ ಬೇರೆ. ಒತ್ತು ಇದ್ದರೆ ಒಂದು ಅರ್ಥ, ಇಲ್ಲದಿದ್ದರೆ ಇನ್ನೊಂದು. ಬಳೆ, ಬಲೆ. ಕಲ್ಲು, ಕಳ್ಳು. ಹಳಿ, ಹಳ್ಳಿ. ವ್ಯಂಜನಗಳು ಸ್ಪಷ್ಟವಾಗಿ ಕೇಳಿಸಬೇಕಾದರೆ ಸುಮಾರು 2,000ದಿಂದ 4,000 ಹರ್ಟ್ಝ್‌ವರೆಗಿನ (ಸೆಕೆಂಡಿಗೆ ಅಷ್ಟು ಕಂಪನದ) ಜಾಗ ಖಾಲಿ ಇರಬೇಕು. ಟೋನ್ ಏರಿಸಿದ ಫಝ್ ಬಂದು ಕೂರುವುದೂ ಸರಿಯಾಗಿ ಅದೇ ಜಾಗದಲ್ಲಿ. ರಿವರ್ಬ್ ಜಾಸ್ತಿ ಆದರೆ ಒತ್ತಕ್ಷರದ ನಡುವಿನ ಚಿಕ್ಕ ಮೌನ ತುಂಬಿಹೋಗುತ್ತದೆ. "ಅಕ್ಕ" ಅನ್ನುವಾಗ ಗಂಟಲು ಒಂದು ಕ್ಷಣ ನಿಲ್ಲುತ್ತದಲ್ಲ, ಆ ಕ್ಷಣ.

ಈಗ ಮೂರು ಕೆಲಸ ಮಾಡುತ್ತೇನೆ. ಹಾಡುವಾಗ ಟ್ಯೂಬ್ ಸ್ಕ್ರೀಮರ್ ಮಾತ್ರ. ಅದು ಸುಮಾರು 720 ಹರ್ಟ್ಝ್ ಆಸುಪಾಸಿನ ಸದ್ದನ್ನು ಉಬ್ಬಿಸುತ್ತದೆ. ಅಂದರೆ ಗಿಟಾರ್ ವ್ಯಂಜನಗಳ ಕೆಳಗೆ ಕೂರುತ್ತದೆ, ದಾರಿಗೆ ಅಡ್ಡ ಬರುವುದಿಲ್ಲ. ಬಿಗ್ ಮಫ್ ಒತ್ತುವುದು ಬಾಯಿ ಮುಚ್ಚಿದಾಗ, ಚರಣಕ್ಕೂ ಪಲ್ಲವಿಗೂ ನಡುವೆ. ಹಾಡುವಾಗಲೂ ಬೇಕೇ ಬೇಕು ಅನ್ನಿಸಿದರೆ ಟೋನ್ ಗುಂಡಿಯನ್ನು ಗಡಿಯಾರದ 9 ಗಂಟೆಯ ಜಾಗಕ್ಕೆ ಇಳಿಸುತ್ತೇನೆ. ಮೂರನೆಯದು, ಮೈಕಿನ ರಿವರ್ಬ್ ಕಡಿಮೆ ಮಾಡಿ ಅಂತ ಮೈಕ್‌ಸೆಟ್‌ನವರಿಗೆ ಮೊದಲೇ ಹೇಳುತ್ತೇನೆ.

ಇಂಗ್ಲಿಷ್ ಬ್ಯಾಂಡ್‌ಗಳ ಸೆಟ್ಟಿಂಗ್ ನೋಡಿ ಹಾಗೇ ಇಟ್ಟುಕೊಳ್ಳಬೇಡಿ. ಶೂಗೇಝ್‌ನಲ್ಲಿ ಮಾತು ಸದ್ದಿನೊಳಗೆ ಮುಳುಗಬೇಕು ಅಂತಲೇ ಹಾಗೆ ಮಿಕ್ಸ್ ಮಾಡುತ್ತಾರೆ. ನಮ್ಮ ಹಾಡು ಕೇಳುವ ದೊಡ್ಡಮ್ಮನಿಗೆ ಮಾತು ಬೇಕು.

ಕೋರಸ್ ಪೆಡಲ್ ಏನು ಮಾಡುತ್ತದೆ? ಹಾರ್ಮೋನಿಯಂ ಯಾಕೆ ಇಟ್ಟುಕೊಂಡಿದ್ದೀರಿ?

ಎರಡಕ್ಕೂ ಉತ್ತರ ಒಂದೇ ಕಡೆ ಇದೆ. ಎರಡು ಸಾಲು ರೀಡ್ ಇರುವ ಹಾರ್ಮೋನಿಯಂ ತಗೊಳ್ಳಿ. ಒಂದೇ ಸ್ವರದ ಎರಡು ರೀಡ್‌ಗಳ ಶ್ರುತಿಯಲ್ಲಿ ಕೂದಲೆಳೆ ವ್ಯತ್ಯಾಸ ಇದ್ದರೆ ಸದ್ದು ಮೆಲ್ಲಗೆ ತೊನೆಯುತ್ತದೆ. ಕೋರಸ್ ಪೆಡಲ್ ಮಾಡುವುದೂ ಅದನ್ನೇ. ನಿಮ್ಮ ಸ್ವರದ ಒಂದು ಪ್ರತಿ ತೆಗೆದು, ಅದನ್ನು ಸ್ವಲ್ಪ ತಡಮಾಡಿ, ಶ್ರುತಿಯನ್ನು ಚೂರು ಹಿಂದೆ ಮುಂದೆ ಆಡಿಸಿ, ಮೂಲದ ಜೊತೆ ಸೇರಿಸುತ್ತದೆ. ಕೊಬೇನ್ ಅವರ ನೀರಿನೊಳಗಿನ ಹಾಗಿರುವ ಗಿಟಾರ್ ಸದ್ದು ಸ್ಮಾಲ್ ಕ್ಲೋನ್‌ನದು. ಅದರಲ್ಲಿ ಕಾಲಿನ ಸ್ವಿಚ್ ಬಿಟ್ಟರೆ ಒಂದು ಗುಂಡಿ, ಒಂದು ಸಣ್ಣ ಸ್ವಿಚ್. ಬೇರೇನೂ ಇಲ್ಲ.

ಹಾರ್ಮೋನಿಯಂ ನಮಗೆ ಮನೆಯ ವಾದ್ಯ. 1884ರಲ್ಲಿ ಶುರುವಾದ ಗುಬ್ಬಿ ಕಂಪನಿ ಈ ಜಿಲ್ಲೆಯದು. ಕಂಪನಿ ನಾಟಕಗಳಲ್ಲಿ ಕಾಲಲ್ಲಿ ತುಳಿದು ಗಾಳಿ ಕೊಡುವ ಲೆಗ್ ಹಾರ್ಮೋನಿಯಂ ಇರುತ್ತಿತ್ತು. ಕೈ ಎರಡೂ ಮನೆಗಳ ಮೇಲೆ, ಕಾಲು ಕೆಳಗೆ ಪೆಡಲ್ ಮೇಲೆ. ನಮ್ಮ ಕಡೆ ವಾದ್ಯಕ್ಕೆ ಕಾಲು ಕೊಡುವುದು ಹೊಸದೇನಲ್ಲ. ನಮ್ಮದು ಕೈ ಹಾರ್ಮೋನಿಯಂ. ಅದರ ಮುಂದೆ ಒಂದು ಮೈಕ್ ಇಟ್ಟು, ಒಂದು ಹಾಡಿನಲ್ಲಿ ಡಿಲೇ ಮೂಲಕ ಕಳಿಸುತ್ತೇವೆ. ತಿದಿ ಎಳೆದ ಉಸಿರಿನ ಸದ್ದೂ ಮಾರ್ದನಿಯಾಗಿ ವಾಪಸ್ ಬರುತ್ತದೆ. ನನಗೆ ನಮ್ಮ ಹಾಡುಗಳಲ್ಲಿ ಅತಿ ಹೆಚ್ಚು ಇಷ್ಟವಾದ ಜಾಗ ಅದು.

ಒಂದು ಮಾತು ನೆನಪಿಡಿ. ಗಿಟಾರ್ ಶ್ರುತಿಯನ್ನು ಅರ್ಧ ಮನೆ ಇಳಿಸಬಹುದು, ಹಾರ್ಮೋನಿಯಂ ಇಳಿಯುವುದಿಲ್ಲ. ಅದು ಇದ್ದಲ್ಲಿಗೆ ನಾವೇ ಟ್ಯೂನ್ ಮಾಡಿಕೊಳ್ಳಬೇಕು.

ಡಿಲೇಯಲ್ಲಿ ಅನಲಾಗ್ ಒಳ್ಳೆಯದಾ, ಡಿಜಿಟಲ್ ಒಳ್ಳೆಯದಾ?

ಹಿಂದೆ ಟೇಪ್ ಇತ್ತು. 1974ರ ರೋಲ್ಯಾಂಡ್ ಸ್ಪೇಸ್ ಎಕೋ ಆರ್‌ಇ-201ರಲ್ಲಿ ಟೇಪಿನ ತುಂಡು ಸುತ್ತುತ್ತಾ ಇರುತ್ತದೆ. ರೇಡಿಯೋಹೆಡ್‌ನ ಜಾನಿ ಗ್ರೀನ್‌ವುಡ್ ಅದನ್ನು ಸ್ಟೇಜ್ ಮೇಲೂ ಇಟ್ಟುಕೊಂಡವರು. ಅನಲಾಗ್ ಪೆಡಲ್ ಒಳಗೆ ಟೇಪ್ ಇಲ್ಲ, ಬಕೆಟ್ ಬ್ರಿಗೇಡ್ ಅನ್ನುವ ಚಿಪ್ ಇದೆ. 1969ರಲ್ಲಿ ಫಿಲಿಪ್ಸ್ ಕಂಪನಿಯವರು ಕಂಡುಹಿಡಿದಿದ್ದು.

ಮನೆಗೆ ಮೋಲ್ಡ್ ಹಾಕುವ ದಿನ ನೋಡಿದ್ದೀರಲ್ಲ? ಕೆಳಗಿನಿಂದ ತಾರಸಿವರೆಗೆ ಜನ ಸಾಲಾಗಿ ನಿಂತು ಕಾಂಕ್ರೀಟ್ ಬಾಂಡ್ಲಿಯನ್ನು ಕೈಯಿಂದ ಕೈಗೆ ದಾಟಿಸುತ್ತಾರೆ. ಈ ಚಿಪ್ ಒಳಗೂ ಹಾಗೇ, ಸಾವಿರಾರು ಪುಟ್ಟ ಕೆಪಾಸಿಟರ್‌ಗಳು ಸಾಲಾಗಿ ನಿಂತು ಸದ್ದನ್ನು ಒಂದರಿಂದ ಒಂದಕ್ಕೆ ದಾಟಿಸುತ್ತವೆ. ದಾಟುವ ಹೊತ್ತೇ ಡಿಲೇ. ದಾರಿಯಲ್ಲಿ ಸ್ವಲ್ಪ ಚೆಲ್ಲುತ್ತದೆ. ಅದಕ್ಕೇ ಅನಲಾಗ್ ಮಾರ್ದನಿ ಪ್ರತಿ ಸಲವೂ ಮಂಕಾಗುತ್ತಾ ಹೋಗುತ್ತದೆ. ಹಾಡುವವರಿಗೆ ಇದು ಒಳ್ಳೆಯದು, ಮಂಕಾದ ಮಾರ್ದನಿ ಮಾತಿನ ಮೇಲೆ ಬೀಳುವುದಿಲ್ಲ. ಕಾರ್ಬನ್ ಕಾಪಿಯಲ್ಲಿ 600 ಮಿಲಿಸೆಕೆಂಡ್‌ವರೆಗೆ ಸಿಗುತ್ತದೆ. ನನಗೆ ಅಷ್ಟು ಸಾಕು.

ಡಿಜಿಟಲ್ ಡಿಲೇ ಪುಟ್ಟ ಪೆಡಲ್ ಆಗಿ ಬಂದಿದ್ದು 1983ರ ಬಾಸ್ ಡಿಡಿ-2ರಿಂದ. ಮಾರ್ದನಿ ಮೂಲದಷ್ಟೇ ಸ್ವಚ್ಛ. ಲಯಕ್ಕೆ ಕೂರಿಸಲು ಲೆಕ್ಕ ಸುಲಭ: 60,000ವನ್ನು ನಿಮಿಷದ ಬೀಟ್‌ಗಳಿಂದ ಭಾಗಿಸಿ. 120 ಬೀಟ್ ಆದರೆ ಒಂದು ಬೀಟಿಗೆ 500 ಮಿಲಿಸೆಕೆಂಡ್. ಅದರ ಮುಕ್ಕಾಲು, ಅಂದರೆ 375, ಹಾಕಿ ನೋಡಿ. ಒಬ್ಬರೇ ನುಡಿಸಿದರೂ ಇಬ್ಬರು ನುಡಿಸಿದ ಹಾಗಿರುತ್ತದೆ.

ವಾಮಿ ಪೆಡಲ್ ಇಲ್ವಾ?

ಇಲ್ಲ. ಕಾಲಲ್ಲಿ ಶ್ರುತಿಯನ್ನೇ ಮೇಲಕ್ಕೆ ಕೆಳಕ್ಕೆ ಎಳೆಯುವ ಪೆಡಲ್ ಅದು, ಡಿಜಿಟೆಕ್ ಕಂಪನಿ 1989ರಲ್ಲಿ ತಂದಿತು. ರೇಜ್ ಅಗೇನ್ಸ್ಟ್ ದ ಮಷೀನ್ ಬ್ಯಾಂಡ್‌ನ ಟಾಮ್ ಮೊರೆಲ್ಲೋ ಅದರಲ್ಲಿ ಮಾಡಿದ್ದನ್ನು ಕೇಳಿ ಬೆರಗಾಗಿದ್ದೇನೆ. ನಮ್ಮ ಹಾಡುಗಳಲ್ಲಿ ಅದಕ್ಕೆ ಕೆಲಸ ಇಲ್ಲ, ಅದಕ್ಕೇ ಕೊಂಡಿಲ್ಲ.

ಪೆಡಲ್‌ಗೆ ಯಾವ ಅಡಾಪ್ಟರ್ ಹಾಕಬೇಕು? ಮನೆಯಲ್ಲಿರೋದು ನಡೆಯುತ್ತಾ?

ಸುಮ್ನೆ ಸಿಕ್ಕಿದ್ದನ್ನು ಚುಚ್ಚಬೇಡಿ. ಬಹಳಷ್ಟು ಪೆಡಲ್‌ಗಳಿಗೆ 9 ವೋಲ್ಟ್ ಡಿಸಿ ಬೇಕು, ಪಿನ್ನಿನ ಮಧ್ಯದಲ್ಲಿ ನೆಗೆಟಿವ್ ಇರಬೇಕು. ಮನೆಯಲ್ಲಿ ಸಿಗುವ ಎಷ್ಟೋ ಅಡಾಪ್ಟರ್‌ಗಳಲ್ಲಿ ಮಧ್ಯದಲ್ಲಿ ಪಾಸಿಟಿವ್ ಇರುತ್ತದೆ. ಪಿನ್ ಅಷ್ಟೇ ಸರಿಯಾಗಿ ಕೂರುತ್ತದೆ, ಪೆಡಲ್ ಸುಟ್ಟುಹೋಗಬಹುದು. ಅಡಾಪ್ಟರ್ ಮೇಲಿನ ಚಿಕ್ಕ ಚಿತ್ರ ನೋಡಿಯೇ ಹಾಕಿ. ಕೆಲವು ಹಳೇ ಫಝ್‌ಗಳ ಲೆಕ್ಕ ಇದಕ್ಕೆ ತಲೆಕೆಳಗು, ಅವಕ್ಕೆ ಬ್ಯಾಟರಿಯೇ ವಾಸಿ.

ಅನಲಾಗ್ ಪೆಡಲ್‌ಗಳು ಕರೆಂಟ್ ಕಡಿಮೆ ಕುಡಿಯುತ್ತವೆ, ಡಿಜಿಟಲ್ ಜಾಸ್ತಿ. ಪ್ರತಿಯೊಂದರ ಮಿಲಿಆಂಪ್ ಕೂಡಿ, ಅದಕ್ಕಿಂತ ಹೆಚ್ಚು ಕೊಡುವ ಸಪ್ಲೈ ತಗೊಳ್ಳಿ. ಪ್ರತಿ ಹೊರಗಿಂಡಿಯೂ ಬೇರೆ ಬೇರೆ ಇರುವ ಐಸೊಲೇಟೆಡ್ ಸಪ್ಲೈ ಆದರೆ ಗುಂಯ್ ಅನ್ನುವ ಸದ್ದು ಬಹಳ ಕಡಿಮೆ ಆಗುತ್ತದೆ. ಅಮೆರಿಕದಿಂದ ಯಾರಾದರೂ ತಂದುಕೊಟ್ಟ ಸಾಮಾನು 120 ವೋಲ್ಟಿನದು ಆಗಿರಬಹುದು. ನಮ್ಮ ಗೋಡೆಯಲ್ಲಿರುವುದು 230.

ಬ್ಯಾಟರಿ ಹಾಕುವವರು ಕೆಲಸ ಮುಗಿದ ಮೇಲೆ ಇನ್‌ಪುಟ್ ಕೇಬಲ್ ಕಿತ್ತಿಡಿ. ಆ ಜಾಕ್ ಚುಚ್ಚಿದ್ದರೆ ಪೆಡಲ್ ಆಫ್ ಇದ್ದರೂ ಬ್ಯಾಟರಿ ಖಾಲಿಯಾಗುತ್ತದೆ.

ಹಾಡುವಾಗ ಮೈಕ್ ತುಟಿಗೆ ತಾಗಿದರೆ ಚುರ್ ಅನ್ನುತ್ತೆ. ಅದು ಮಾಮೂಲಾ?

ಅಲ್ಲ. ನುಡಿಸುವುದನ್ನು ತಕ್ಷಣ ನಿಲ್ಲಿಸಿ.

ಒಂದು ವರ್ಷ ಗಣೇಶನ ಪೆಂಡಾಲಿನಲ್ಲಿ ನನಗೇ ಆಯಿತು. ಕರೆಂಟ್ ಹೋಗಿ ಜನರೇಟರ್‌ಗೆ ಬದಲಾಯಿಸಿದ್ದರು. ಮಳೆ ನಿಂತು ಸ್ವಲ್ಪ ಹೊತ್ತಾಗಿತ್ತು. ಹಲಗೆಯ ಮೇಲಿನ ಮ್ಯಾಟ್ ಒದ್ದೆ, ಕಾಲಲ್ಲಿ ಚಪ್ಪಲಿ ಇಲ್ಲ. ಎಡಗೈ ತಂತಿಗಳ ಮೇಲಿತ್ತು. ಮೊದಲ ಸಾಲಿಗೆ ಬಾಯಿ ಹತ್ತಿರ ತಂದೆ. ತುಟಿಯಿಂದ ಹಲ್ಲಿನವರೆಗೆ ಬಿಳಿ ಮಿಂಚು ಹೊಡೆದ ಹಾಗಾಯಿತು. ಎಡಗೈ ಬೆರಳುಗಳು ತಂತಿಯ ಮೇಲೇ ಮಡಚಿಕೊಂಡವು. ಬಾಸ್ ನುಡಿಸುವ ಗೆಳೆಯ ಮುಖ್ಯ ಸ್ವಿಚ್ ಎಳೆದ. ಹೋಗಿ ನೋಡಿದರೆ ಮೂರು ಪಿನ್ನಿನ ಪ್ಲಗ್‌ನಲ್ಲಿ ಮೇಲಿನ ದಪ್ಪ ಪಿನ್ನನ್ನೇ, ಅಂದರೆ ಅರ್ಥ್ ಪಿನ್ನನ್ನೇ, ಯಾರೋ ಕತ್ತರಿಸಿದ್ದರು. ಎರಡು ತೂತಿನ ಬೋರ್ಡಿಗೆ ಕೂರಲಿ ಅಂತ.

ಗಿಟಾರ್ ತಂತಿಗಳು ಕೇಬಲ್ ಮೂಲಕ ಆಂಪ್‌ನ ಅರ್ಥಿಂಗ್‌ಗೆ ಸೇರಿರುತ್ತವೆ. ಮೈಕಿನ ಜಾಲರಿ ಮಿಕ್ಸರ್‌ನ ಅರ್ಥಿಂಗ್‌ಗೆ ಸೇರಿರುತ್ತದೆ. ಎರಡರಲ್ಲಿ ಒಂದು ಕೆಟ್ಟಿದ್ದರೆ ನಡುವೆ ತಂತಿಯಾಗಿ ಸಿಗುವುದು ನಿಮ್ಮ ಮೈ. ಇದರಿಂದ ಜೀವ ಹೋದವರಿದ್ದಾರೆ.

ಆವತ್ತಿನಿಂದ ನನ್ನ ಬ್ಯಾಗಿನಲ್ಲಿ ಟೆಸ್ಟರ್ ಇರುತ್ತದೆ. ಸೌಂಡ್ ಚೆಕ್‌ಗೆ ಮೊದಲು ಮೈಕಿನ ಜಾಲರಿಗೆ ತಾಗಿಸುತ್ತೇನೆ, ಗಿಟಾರ್ ತಂತಿಗೆ ತಾಗಿಸುತ್ತೇನೆ. ದೀಪ ಹೊತ್ತಿದರೆ ಸರಿಯಾಗುವವರೆಗೆ ನುಡಿಸುವುದಿಲ್ಲ, ಎಂಥಾ ಕಾರ್ಯಕ್ರಮವಾದರೂ ಸರಿ. ಮಿಕ್ಸರ್ ಮತ್ತು ನಮ್ಮ ಬೋರ್ಡ್ ಒಂದೇ ಕಡೆಯಿಂದ ಕರೆಂಟ್ ತಗೊಳ್ಳಬೇಕು ಅಂತ ಕೇಳುತ್ತೇನೆ. ಕಾಲಿಗೆ ರಬ್ಬರ್ ಅಟ್ಟೆಯ ಶೂ. ಮೈಕಿಗೆ ಸ್ಪಂಜಿನ ಟೋಪಿ. ನಮ್ಮ ಪ್ರಾಕ್ಟೀಸ್ ರೂಮಿಗೆ 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಹಾಕಿಸಿದ್ದೇವೆ. ಗುಂಯ್ ಸದ್ದು ಹೋಗಲಿ ಅಂತ ಅರ್ಥ್ ಪಿನ್ ಕತ್ತರಿಸುವ ಉಪಾಯ ಯಾರಾದರೂ ಹೇಳಿದರೆ ಕೇಳಲೇಬೇಡಿ.

ಸ್ಟೇಜ್ ಮೇಲೆ ಆಂಪ್ ಕಾಣಿಸಲ್ಲ. ಎಲ್ಲಿದೆ?

ನಮ್ಮ ಕಡೆಯ ಬಹಳಷ್ಟು ಸ್ಟೇಜ್‌ಗಳಲ್ಲಿ ಗಿಟಾರ್ ಆಂಪ್ ಇರುವುದಿಲ್ಲ. ನೇರ ಮಿಕ್ಸರ್‌ಗೆ ಕೊಡಬೇಕು. ಗಿಟಾರ್ ಆಂಪ್‌ನ ಸ್ಪೀಕರ್ ಸುಮಾರು 5,000 ಹರ್ಟ್ಝ್ ದಾಟಿದ ಸದ್ದನ್ನು ಹೆಚ್ಚು ಹೊರಬಿಡುವುದಿಲ್ಲ. ದೊಡ್ಡ ಸೌಂಡ್ ಸಿಸ್ಟಂ ಎಲ್ಲವನ್ನೂ ಬಿಡುತ್ತದೆ. ಫಝ್ ನೇರ ಹೋದರೆ ತಗಡಿನ ಡಬ್ಬದಲ್ಲಿ ಜೇನುಹುಳ ಹಾಕಿ ಅಲುಗಾಡಿಸಿದ ಹಾಗಿರುತ್ತದೆ. ಬೋರ್ಡ್‌ನ ಕೊನೆಯ ಡಬ್ಬಿ ಆ ಮೇಲಿನ ಸದ್ದನ್ನು ಕತ್ತರಿಸುತ್ತದೆ. ನಮ್ಮ ಕಡೆ ನುಡಿಸುವವರಿಗೆ ಇನ್ನೊಂದು ಫಝ್‌ಗಿಂತ ಇದು ಮುಖ್ಯ.

ಎಲ್ಲಿ ಕೊಳ್ಳಬೇಕು? ಹಳೇದು ತಗೊಳ್ಳಬಹುದಾ?

ತಗೊಳ್ಳಿ. ಬೆಂಗಳೂರು 70 ಕಿಲೋಮೀಟರ್, ರೈಲಿನಲ್ಲಿ ಬೆಳಗ್ಗೆ ಹೋಗಿ ಸಂಜೆ ಬರಬಹುದು. ನಿಮ್ಮದೇ ಗಿಟಾರ್, ಕೇಬಲ್, ಹೊಸ 9 ವೋಲ್ಟ್ ಬ್ಯಾಟರಿ ತಗೊಂಡು ಹೋಗಿ. ಪ್ರತಿ ಗುಂಡಿ ತಿರುಗಿಸಿ. ಕರಕರ ಅಂದರೆ ಒಳಗೆ ಧೂಳು, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದರೆ ಹೋಗುತ್ತದೆ, ಅದಕ್ಕೆ ಹೆದರಬೇಡಿ. ಸ್ವಿಚ್ ಹತ್ತು ಸಲ ಒತ್ತಿ. ಒಂದು ಸಲ ತಪ್ಪಿದರೂ ಬೆಲೆ ಇಳಿಸಿ ಕೇಳಿ. ಜಾಕ್‌ಗಳನ್ನು ಅಲ್ಲಾಡಿಸಿ. ಸ್ವಿಚ್, ಜಾಕ್, ಕೆಪಾಸಿಟರ್ ಎಲ್ಲ ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಸಿಗುತ್ತವೆ. ಬೆಸುಗೆ ಹಾಕಲು ಬಾರದಿದ್ದರೆ ನಿಮ್ಮ ಬೀದಿಯ ರೇಡಿಯೋ ರಿಪೇರಿಯವರ ಹತ್ತಿರ ಹೋಗಿ. ನನಗೆ ಕಲಿಸಿದವರೂ ಅಂಥವರೇ. ಕಾದ ಕಡ್ಡಿಯನ್ನು ಮೊದಲು ತಂತಿಗೆ ಇಡು, ಸೀಸ ತಾನಾಗಿ ಹರಿದು ಬರಲಿ ಅಂತ ಅವರು ಕೈ ಹಿಡಿದು ತೋರಿಸಿದ್ದರು.

ಮೊದಲ ಪೆಡಲ್ ಯಾವುದು ತಗೊಳ್ಳಲಿ?

ಟ್ಯೂನರ್. ಬೇಜಾರಾಯಿತು ಅಲ್ವಾ? ಆದರೂ ಅದೇ. ಶ್ರುತಿ ತಪ್ಪಿದ ಗಿಟಾರ್‌ಗೆ ಫಝ್ ಹಾಕಿದರೆ ತಪ್ಪು ನಾಲ್ಕು ಪಟ್ಟು ಕೇಳಿಸುತ್ತದೆ. ಎರಡನೆಯದಾಗಿ ಒಂದು ಓವರ್‌ಡ್ರೈವ್. ಆರು ತಿಂಗಳು ಬೇರೇನೂ ಕೊಳ್ಳದೆ ಅದರ ಮೂರು ಗುಂಡಿಗಳ ಜೊತೆ ಕೂತುಕೊಳ್ಳಿ. ಗಿಟಾರ್‌ನ ವಾಲ್ಯೂಮ್ ಗುಂಡಿಯನ್ನು ಇಳಿಸಿ ಏರಿಸಿ, ಮೆಲ್ಲಗೆ ಮೀಟಿ, ಜೋರಾಗಿ ಮೀಟಿ. ಒಂದೇ ಪೆಡಲ್‌ನಲ್ಲಿ ಎಷ್ಟು ಸದ್ದುಗಳಿವೆ ಅಂತ ಆಗ ಗೊತ್ತಾಗುತ್ತದೆ.

ನಿಮ್ಮ ಬೋರ್ಡ್ ಮೇಲೆ ನುಡಿಸಿ ನೋಡಬಹುದಾ?

ಖಂಡಿತ. ಕಾರ್ಯಕ್ರಮ ಇದ್ದ ದಿನ ಸೌಂಡ್ ಚೆಕ್ ಹೊತ್ತಿಗೆ ಬನ್ನಿ, ಮುಗಿದ ಮೇಲೆ ಬೇಡ. ಆಗ ಗಾಡಿ ಕಾಯುತ್ತಿರುತ್ತದೆ. ನಿಮ್ಮ ಗಿಟಾರ್ ತನ್ನಿ. ಹಾಡುವುದಾದರೆ ನಿಮ್ಮದೇ ಮಾತುಗಳನ್ನು ತನ್ನಿ, ಎದುರಿಗೆ ಕೂತು ಯಾವ ಅಕ್ಷರ ಮುಳುಗುತ್ತಿದೆ ಅಂತ ಹೇಳುತ್ತೇನೆ. ಕಾಲಿಗೆ ರಬ್ಬರ್ ಅಟ್ಟೆಯ ಶೂ ಇರಲಿ.